ಬೆನ್ನಿನಿಂದ ಬಂದ ಗೋಲು

ಗದಗ
ಫೆಬ್ರವರಿ ೩೦, ೨೨೧೪

ನೀಲವ್ವಜ್ಜಿ,

ತಾರೀಕು ನೋಡಿ ಗಾಬರಿಯಾಗಬೇಡ. ಭೂಮಿಯ ಮೇಲೆ ಚಳಿ ಕಡಿಮೆಯಾದಾಗ ನಮ್ಮ ಹಿರಿಯರು ಸಮಾಧಾನಕ್ಕೆಂದು ಫೆಬ್ರವರಿಗೆ ಎರಡು ದಿನ ಹೆಚ್ಚಿಗೆ ಕೊಟ್ಟರು. ಚಳಿಯೇನೂ ವಾಪಸ್ಸು ಬರಲಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸು. ಇಷ್ಟು ಕಾಲದಲ್ಲಿ ಭಾಷೆಯೂ ತುಸು ಸವೆದಿದೆ. ಸಂಬಂಧದಲ್ಲಿ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಈ ಓಲೆ ನಿನ್ನ ಕೈ ಸೇರುವ ಹೊತ್ತಿಗೆ ಹತ್ತೊಂಬತ್ತರ ಹುಡುಗಿ. ನಮಸ್ಕಾರ ಮಾಡಲೋ ಕಿವಿ ಹಿಂಡಲೋ ತಿಳಿಯದೆ ಎರಡನ್ನೂ ಮಾಡುತ್ತಿದ್ದೇನೆ.

ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಅಂಚೆಯವನು ಗಂಭೀರವಾಗಿ, "ಅರ್ಜೆಂಟ್ ಐತೇನ್ರೀ ಅಕ್ಕಾರ?" ಅಂದ. ನಕ್ಕುಬಿಡಬೇಕೆಂದಿದ್ದೆ, ಆದರೆ ಅರ್ಜೆಂಟೇ. ನೀನೀಗ ಪರದೇಶದ ಹೋಟೆಲ್ ಕೋಣೆಯಲ್ಲಿ ಕೂತು, ನಿಮಗೆ ಆಟ ಕಲಿಸಿದ ಮಾಲನ್‌ಬಿ ಟೀಚರಿಗೆ "ನಾ ಐಸ್ ಹಾಕಿ ಆಟಾನ ಬಿಡ್ತೀನ್ರೀ" ಎಂದು ಮೆಸೇಜು ಬರೆದು, ಕಳಿಸಲೋ ಬೇಡವೋ ಅಂತ ಬೆರಳು ಎತ್ತಿಕೊಂಡಿದ್ದೀಯ.

ಕಾರಣ ನಮ್ಮ ಮನೆಯಲ್ಲಿ ಕೂಸುಗಳಿಗೂ ಗೊತ್ತು. ಗದಗಿನಲ್ಲಿ ಐಸ್ ಸಿಗುತ್ತಿದ್ದದ್ದು ಕಬ್ಬಿನಹಾಲಿನ ಗಾಡಿಯಲ್ಲಿ ಮಾತ್ರ. ಹಾಗಾಗಿ ಟೀಚರು ನಿಮಗೆ ಮದುವೆಯಿಲ್ಲದ ದಿನ ಕಲ್ಯಾಣಮಂಟಪದ ನೆಲದ ಮೇಲೆ ಗಾಲಿಬೂಟು ಹಾಕಿಸಿ ಓಡಿಸಿದರು. ಓಡುವುದು ಬಂತು, ನಿಲ್ಲುವುದು ಬರಲಿಲ್ಲ. "ಬೀಗರ ಹಾಸಿಗಿ ಒಟ್ಟೇತಲ್ಲ, ತಿರುಗಿ ಬೆನ್ನು ಕೊಡ್ರಿ!" ಎಂದರು ಟೀಚರು. ನೀವು ಹುಡುಗಿಯರೆಲ್ಲ ಹಾಸಿಗೆಯ ರಾಶಿಗೆ ಬೆನ್ನು ಕೊಟ್ಟು ನಿಲ್ಲುವುದನ್ನೇ ಕಲಿತಿರಿ. ಆಮೇಲೆ ನಿನ್ನೆ, ನಿನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ. ನಿಜವಾದ ಮಂಜುಗಡ್ಡೆ. ಎದುರಾಳಿಗಳು ಹೊಡೆದ ಗೋಲುಗಳನ್ನು ಇಲ್ಲಿ ಬರೆಯುವುದಿಲ್ಲ, ಹಾಳೆ ಸಾಲದು. ಕೊನೆಗೆ ಅವರ ಗೋಲಿನ ಹತ್ತಿರ ನಿಲ್ಲಬೇಕಾಯಿತು. ಅಭ್ಯಾಸಬಲ, ನೀನು ಗಿರ್ರನೆ ತಿರುಗಿ ಬೆನ್ನು ಕೊಟ್ಟೆ. ಹಾಸಿಗೆ ಇರಲಿಲ್ಲ. ನಿನ್ನ ಗೆಳತಿ ಹೊಡೆದ ರಬ್ಬರ್ ಬಿಲ್ಲೆ ಬಂದು ಬೆನ್ನಿಗೆ ಬಡಿದು ಗೋಲಿನೊಳಗೆ ಹೋಯಿತು. ನಿಮ್ಮ ಏಕೈಕ ಗೋಲು! ನೀನು ಮಾತ್ರ ನೋಡಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೆಳತಿಯರು, "ಮುಂದ ನೋಡಿ ಆಗದ್ದು ನಮ್ಮ ನೀಲಿಗೆ ಬೆನ್ನಿಲೇ ಆತು" ಎಂದು ಕಾಡಿದರು. ಎಲ್ಲರ ಜೊತೆ ನಕ್ಕವಳು ಕೋಣೆಗೆ ಬಂದು ಅತ್ತೆ.

ಅಜ್ಜೀ, ಈ ಆಟದ ಚರಿತ್ರೆ ಒಂದಿಷ್ಟು ಕೇಳು. ಮೊದಮೊದಲು ಹೆಂಗಸರು ಉದ್ದ ಲಂಗದಲ್ಲೇ ಆಡುತ್ತಿದ್ದರು. ಗೋಲಿನ ಮುಂದೆ ಕುಕ್ಕರಿಸಿದರೆ ಲಂಗವೇ ಕೋಟೆಗೋಡೆ. ೧೯೯೦ರಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಆದಾಗ ಕೆನಡಾದವರಿಗೆ ಗುಲಾಬಿ ಅಂಗಿ ತೊಡಿಸಿದರು. ಅಂಗಿ ನೋಡಿ ನಗಲು ಬಂದವರೂ ಆಟ ನೋಡಿ ಬಾಯಿ ಮುಚ್ಚಿಕೊಂಡಿರಬೇಕು. ಗಂಡಸರು ಒಲಿಂಪಿಕ್ಸಿನಲ್ಲಿ ಎಷ್ಟೋ ದಶಕ ಆಡಿ ದಣಿದ ಮೇಲೆ, ೧೯೯೮ರಲ್ಲಿ, ಹೆಂಗಸರಿಗೆ ಬಾಗಿಲು ತೆರೆಯಿತು. ನಗೆಗೀಡಾಗದೆ ಒಳಗೆ ಬಂದವರು ಈ ಆಟದಲ್ಲಿ ಯಾರಿದ್ದಾರೆ ಹೇಳು?

ಈಗ ನಮ್ಮ ಕಾಲಕ್ಕೆ ಬಾ. ಹಿಮದ ದೇಶಗಳಲ್ಲೂ ಕೆರೆ ಹೆಪ್ಪುಗಟ್ಟುವುದು ಅಪರೂಪವಾಗಿ, ಎಲ್ಲರೂ ಹಿಮಚಾಪೆಯ ಮೇಲೆ ಆಡುತ್ತಾರೆ; ಸುರುಳಿ ಬಿಚ್ಚಿ ಹಾಸಿದರೆ ಎಲ್ಲಿ ಬೇಕಾದರೂ ಮಂಜುಗಡ್ಡೆ. ಈ ಸಲದ ವಿಶ್ವ ಪಂದ್ಯಾವಳಿ ನಮ್ಮ ಗದಗಿನಲ್ಲಿ. ಫಿನ್ಲೆಂಡಿನ ಹುಡುಗಿಯರು ವಿರಾಮದಲ್ಲಿ ಗಿರ್ಮಿಟ್ ತಿಂದು, ಮೆಣಸಿನಕಾಯಿ ಬಜ್ಜಿ ಕಚ್ಚಿ, ಚಾಪೆಯ ಅಂಚಿಗೆ ನಾಲಿಗೆ ಒತ್ತಿ ಕೂತಿದ್ದಾರೆ. ಪ್ರತಿ ಪಂದ್ಯದ ಮುಂಚೆ 'ಬೆನ್ನುಗೋಲು' ಎಂಬ ಶಾಸ್ತ್ರವಿದೆ. ಎರಡೂ ತಂಡದ ಅತಿ ಹೊಸ ಆಟಗಾರ್ತಿಯರು ಖಾಲಿ ಗೋಲಿನ ಮುಂದೆ ಬೆನ್ನು ಮಾಡಿ ನಿಲ್ಲುತ್ತಾರೆ. ಗೆಳತಿಯರು ಬಿಲ್ಲೆಯನ್ನು ಮೆಲ್ಲಗೆ ಬೆನ್ನಿಗೆ ತಾಗಿಸಿ ಒಳಗೆ ಕಳಿಸುತ್ತಾರೆ. ನಿಯಮ ಒಂದೇ: ಬೆನ್ನು ಕೊಟ್ಟವಳು ನಗಬೇಕು. ನಗದಿದ್ದರೆ ರೆಫರಿ ಇನ್ನೊಮ್ಮೆ ಮಾಡಿಸುತ್ತಾಳೆ. ನಿನ್ನನ್ನು ಕಾಡಿದ ಆ ಗೆಳತಿಯರೇ ಇದನ್ನು ಶುರುಮಾಡಿದ್ದು, ಊರೂರಿಗೆ ಒಯ್ದದ್ದು. ಅವರದ್ದು ಕಾಟ ಅಂದುಕೊಂಡೆಯಲ್ಲ, ಅದು ಮುದ್ದು ಅಜ್ಜೀ.

ಆ ಮೆಸೇಜು ನೀನು ಕಳಿಸಲಿಲ್ಲ ಎಂಬುದು ನಮಗೆಲ್ಲ ಗೊತ್ತು. ಹಾಗಾದರೆ ಓಲೆ ಯಾಕೆ? ಯಾಕೆ ಕಳಿಸಲಿಲ್ಲ ಎಂಬುದು ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆಲ್ಲ ನೀನು ಬರೀ ನಗುತ್ತಿದ್ದೆಯಂತೆ. ಕಾರಣ ಈ ಓಲೆಯೇ ಆಗಿದ್ದರೆ? ನಾನು ಸೋಮಾರಿತನ ಮಾಡಿ ಬರೆಯದೆ ಬಿಟ್ಟು, ನೀನು ಆಟ ಬಿಟ್ಟುಬಿಟ್ಟರೆ? ಅಂಥ ಅಪಾಯ ನನಗೆ ಬೇಡ.

ಇನ್ನೂ ಒಂದು ಮಾತು. ನನ್ನ ಮಗಳು ಚಿಗರಿಗೆ ಇವತ್ತು ಮೊದಲ ಪಂದ್ಯ. ಬೆಳಗಿನಿಂದ ಬೂಟಿನ ಲೇಸು ಕಟ್ಟದೆ, "ನಾ ಒಲ್ಲೆ ಯವ್ವಾ, ಎಲ್ಲಾರೂ ನಗ್ತಾರ" ಅಂತ ಮೂಲೆ ಹಿಡಿದಿದ್ದಳು. ಬರೆದಷ್ಟನ್ನು ಓದಿ ಹೇಳಿದೆ. "ಅಜ್ಜಿನೂ ಅತ್ತಿದ್ಲಾ?" ಎಂದಳು. ಹೂಂ ಅಂದೆ. ಈಗ ಒಂದು ಬೂಟು ಕಟ್ಟಿದ್ದಾಳೆ. ಇನ್ನೊಂದು ನಿನ್ನ ಕೈಯಲ್ಲಿದೆ.

ಮುಂದೇನಿದೆಯೋ ಕಾಣುವುದಿಲ್ಲ ಅಂತ ಹೆದರಬೇಡ. ಕಾಣದ ಕಡೆಗೆ ಬೆನ್ನು ಕೊಟ್ಟು ಬರುವುದು ನಿನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ಬಾ ಅಜ್ಜೀ. ಈ ತುದಿಯಲ್ಲಿ ನಾವು ಹಾಸಿಗೆ ಒಟ್ಟಿಕೊಂಡು ನಿಂತಿದ್ದೇವೆ.

ನಿನ್ನ,
ಹಿಮವ್ವ