ರೊಟ್ಟಿ ತಂದುಕೊಟ್ಟವರು

ಅನುರಾಧಪುರ, ಶ್ರೀಲಂಕಾ
ಜನವರಿ 21, 2025, ಮಧ್ಯಾಹ್ನ

ಪ್ರೀತಿಯ ಅಪ್ಪ,

ಜೈಭೀಮ್. ನೀನೂ ಅವ್ವನೂ ಚೆನ್ನಾಗಿದ್ದೀರೆಂದು ತಮ್ಮ ಕೆಂಚೇಶ ಮೆಸೇಜ್ ಹಾಕಿದ್ದಾನೆ. ಮುಟ್ಟಿದ ದಿನವೇ ಬರೆಯುತ್ತೇನೆಂದು ಹೇಳಿ ಬಂದವಳು, ಪ್ರವಾಸದ ಕೊನೆಯ ದಿನ ಪೆನ್ನು ಹಿಡಿದಿದ್ದೇನೆ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಹೊರಟ ದಿನ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ನಾನಾಡಿದ ಒಂದು ಮಾತು ಬರೆಯಲು ಬಿಡುತ್ತಿರಲಿಲ್ಲ. ಯಾವ ಮಾತೆಂದು ನಿನಗೆ ಗೊತ್ತು. ಇವತ್ತು ಧೈರ್ಯ ಬಂದಿದೆ, ಆದರೂ ಅದನ್ನು ಕೊನೆಗೇ ಬರೆಯುತ್ತೇನೆ. ಈ ಹಾಳೆಗಳ ಫೋಟೊ ತೆಗೆದು ಕೆಂಚೇಶನ ಮೊಬೈಲಿಗೆ ಕಳಿಸುತ್ತೇನೆ. ಅವನು ಓದಿ ಹೇಳುವುದು ಬೇಡ. ದೊಡ್ಡದು ಮಾಡಿ ಹಿಡಿಯಲಿ, ಅಕ್ಷರ ಕೂಡಿಸಿಕೊಂಡು ನೀನೇ ಓದು.

ಇಲ್ಲಿ ನಾನು ಸಂತೋಷವಾಗಿದ್ದೇನೆ. ಕೆಂಪಕ್ಕಿ ಅನ್ನ, ಎಲ್ಲ ಸಾರಿಗೂ ತೆಂಗಿನ ಹಾಲು. ನೀನು ಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ ಮೂರೇ ದಿನಕ್ಕೆ ಮುಗಿದವು. ತಿಂದವಳು ನನ್ನ ರೂಮಿನ ಜೊತೆಗಾತಿ ಮೇಘಶ್ರೀ, ಹೊನ್ನಾಳಿಯ ಹುಡುಗಿ. ನಿನ್ನೆ ಬೋಧಿವೃಕ್ಷ ನೋಡಿದೆವು. ಅದರ ಸಸಿಯನ್ನು ನನ್ನ ಹೆಸರಿನ ಭಿಕ್ಷುಣಿ ಸಮುದ್ರ ದಾಟಿಸಿ ತಂದಳೆಂದು ಇಲ್ಲಿಯವರು ಹೇಳುತ್ತಾರೆ. "ಆ ಸಂಘಮಿತ್ರಾ ಮರಾನೇ ಹೊತ್ಕಂಡು ಬಂದ್ಲು, ನಿಂಗೆ ನಿನ್ ಬ್ಯಾಗ್ ಹೊರಾಕೂ ನಾನ್ ಬೇಕಲ್ಲೇ" ಎಂದು ಮೇಘಶ್ರೀ ರೇಗಿಸಿದಳು. ಅವ್ವನಿಗೆಂದು ಕೆಳಗೆ ಬಿದ್ದಿದ್ದ ಒಂದು ಎಲೆ ಎತ್ತಿಟ್ಟಿದ್ದೇನೆ.

ಕಾಲೇಜಿನಿಂದ ನಾವು ಬಂದದ್ದು ಹಳೆಯ ಕೆರೆಗಳನ್ನು ನೋಡಿ ಕಲಿಯುವುದಕ್ಕೆ. ಇವತ್ತು ಬೆಳಿಗ್ಗೆ ಕೊನೆಯದಾಗಿ ಒಂದು ಹಳ್ಳಿಯ ಕೆರೆಗೆ ಹೋದೆವು. ಏರಿಯ ಕೆಳಗೆ ರೈತರ ಸಭೆ. ನಡುವೆ ಕುರ್ಚಿಯ ಮೇಲೆ ಬಂಡಾ ಎಂಬ ಮುದುಕರು. ಯಾರೋ ದೊಡ್ಡ ಜಮೀನ್ದಾರ ಅಂದುಕೊಂಡೆ. ಅವರು ಆ ಊರಿನ ನೀರುಗಂಟಿ, ಅಪ್ಪ. ನಿನ್ನ ಹಾಗೆ ಗದ್ದೆಗದ್ದೆಗೆ ಸರದಿಯ ನೀರು ಬಿಡುವವರು. ಅವರಿಗೂ ಸುಗ್ಗಿಯಲ್ಲಿ ಭತ್ತದ ಪಾಲಿದೆಯಂತೆ.

ನಾನು ಸುಮ್ಮನಿರುವವಳೇ? ನಿಂತು ಕೇಳಿದೆ: "ಈ ಕೆಲಸ ನಿಮಗೆ ಹುಟ್ಟಿನಿಂದ ಬಂತಾ?" ಅವರು ಹೇಳಿದ್ದನ್ನು ನಮ್ಮ ಸತೀಶ್ ಕುಮಾರ್ ಸರ್, ಸಿಂಹಳ ಬಲ್ಲ ಗೈಡ್ ಹತ್ತಿರ ಕೇಳಿಕೊಂಡು ನಮ್ಮ ಕಡೆಯ ಮಾತಿನಲ್ಲೇ ಹೇಳಿದರು: "ಇಲ್ಲವ್ವ, ಇವರೇ ಕೈ ಎತ್ತಿ ಆರಿಸ್ಯಾರೆ. ಸರಿಯಾಗಿ ಮಾಡ್ಲಿಲ್ಲ ಅಂದ್ರೆ ಬರೋ ವರ್ಷ ಇವರೇ ಇಳಿಸ್ತಾರೆ. ಪಾಲು ನನ್ ಮನೆಗೇ ತಂದು ಕೊಡ್ತಾರೆ, ನಾ ಯಾರ ಬಾಗಿಲಿಗೂ ಹೋಗಲ್ಲ."

ನನಗೆ ನಮ್ಮೂರಿನ ಕಣ ನೆನಪಾಯಿತು. ಎರಡು ವರ್ಷದ ಹಿಂದೆ ನೀನು ನಾಗರಾಜಪ್ಪನವರ ಕಣದ ಹೊರಗೆ ಚೀಲ ಹಿಡಿದು, ನೀರುಗಂಟಿಯ ಪಾಲಿನ ಆಯದ ಭತ್ತಕ್ಕೆ ಕಾಯುತ್ತಾ ನಿಂತಿದ್ದೆ. ನಾನು ಸಂಘಟನೆಯ ಕರಪತ್ರ ತಂದು ಎಲ್ಲರೆದುರು ಓದಿದೆ. ಹುಟ್ಟಿನಿಂದ ಬಂದ ಕೆಲಸ ಸಂಕೋಲೆ, ಕಿತ್ತೆಸೆಯಿರಿ ಎಂದು. ನೀನು ಪೂರ್ತಿ ಕೇಳಿಸಿಕೊಂಡೆ. ಚೀಲ ಮಡಚಿದೆ. ಮುಂದಿನ ವಾರವೇ ಚನ್ನಗಿರಿಯ ಅಡಿಕೆ ಮಂಡಿಗೆ ವಾಚ್‌ಮನ್ ಆಗಿ ಸೇರಿದೆ. ಗೆದ್ದೆ ಅಂದುಕೊಂಡೆ. ಆಮೇಲೆ ಸರದಿ ನೋಡುವವರಿಲ್ಲದೆ ಕಾಲುವೆಯ ಕೊನೆಯ ಗದ್ದೆಗಳಿಗೆ ಸೂಳೆಕೆರೆ ನೀರು ಮುಟ್ಟಲಿಲ್ಲ. ಅಲ್ಲಿದ್ದ ಚೌಡಕ್ಕನ ಗದ್ದೆ ಬೀಳು ಬಿತ್ತು. ನೀನು ಒಂದು ದಿನವೂ "ನೋಡಿದೆಯಾ" ಎನ್ನಲಿಲ್ಲ.

ಕೈಯೊಡ್ಡಿಸಿ ಹೊರಗೆ ನಿಲ್ಲಿಸುವುದು ಅನ್ಯಾಯವೆಂದು ಈಗಲೂ ಹೇಳುತ್ತೇನೆ, ಸಾಯುವವರೆಗೂ ಹೇಳುತ್ತೇನೆ. ಆದರೆ ನಾನು ಸಂಕೋಲೆಯ ಜೊತೆ ನಿನ್ನ ವಿದ್ಯೆಯನ್ನೂ ಎಸೆಯುವಂತೆ ಮಾಡಿದೆ. ಕಿತ್ತೆಸೆಯಬೇಕಾಗಿದ್ದದ್ದು ಕಣದ ಹೊರಗಿನ ಆ ಜಾಗವನ್ನು, ನಿನ್ನ ಕೆಲಸವನ್ನಲ್ಲ.

ಬಂಡಾ ಅವರು ನಮ್ಮನ್ನು ಕಾಲುವೆಗೆ ಕರೆದೊಯ್ದರು. ನೀರಿಗೆ ಅಡ್ಡಲಾಗಿ ಒಂದು ಮರದ ದಿಮ್ಮಿ, ಅದರಲ್ಲಿ ಎರಡು ಕಚ್ಚು, ನೀರು ಎರಡು ಕಡೆ ಸಮನಾಗಿ ಸೀಳಿ ಹರಿಯಬೇಕು. "ಸಮ ಐತಾ ಹೇಳ್ರಿ" ಎಂದು ಸರ್ ಮೂಲಕ ಕೇಳಿದರು. ಹುಡುಗರು ಮೊಬೈಲಿನಲ್ಲಿ ಅಳತೆ ಮಾಡತೊಡಗಿದರು. ನಾನು ಬದುವಿನ ಮೇಲೆ ಬೋರಲು ಮಲಗಿ, ನೀನು ಚಿಕ್ಕಂದಿನಲ್ಲಿ ಕಲಿಸಿದಂತೆ ಎರಡೂ ಕಚ್ಚಿನಲ್ಲಿ ಅಂಗೈ ನಿಲ್ಲಿಸಿದೆ. "ಎಡಗಡೆ ಒಂದು ಬೆರಳು ಕಡಿಮೆ" ಎಂದೆ. ಮುದುಕರು ಎಡಗಚ್ಚಿಗೆ ಕೈಹಾಕಿ, ಅಡ್ಡ ಸಿಕ್ಕಿದ್ದ ಒಂದು ಕಲ್ಲು ತೆಗೆದು ಜೋರಾಗಿ ನಕ್ಕರು. ಯಾರು ಕಲಿಸಿದ್ದೆಂದು ಕೇಳಿದರು.

"ನಮ್ಮಪ್ಪ ಚಿಕ್ಕಹನುಮಂತಪ್ಪ. ನೀರುಗಂಟಿ" ಎಂದೆ. ಎಲ್ಲರೆದುರು.

ಮೇಘಶ್ರೀ ತಕ್ಷಣ, "ಏನೇ, ಐದೆಕ್ರೆ ಗದ್ದೆ ಐತೆ, ಬೇಸಾಯ ಅಂದಿದ್ದೆ?" ಎಂದಳು. ಹೌದು, ಹಾಗೆಂದಿದ್ದೆ. ಪ್ರವಾಸದ ಅರ್ಜಿಯಲ್ಲೂ ಹಾಗೇ ಬರೆದಿದ್ದೆ. ಸುಳ್ಳು ಎಂದು ಒಪ್ಪಿಕೊಂಡೆ. ಸರ್ ಬೆನ್ನು ತಟ್ಟಿದರು.

ಬಂದ ಮೇಲೆ ಕಾಲುವೆಯ ರೈತರ ಸಭೆ ಕರೆಸುತ್ತೇನೆ. ನೀರುಗಂಟಿಯನ್ನು ಆರಿಸಿ ಕೂರಿಸಲಿ, ಸಂಬಳ ಬರೆದುಕೊಡಲಿ, ಯಾವ ಮನೆಯವರಾದರೂ ಕಲಿಯಲಿ. ಕಲಿಸುವುದು ನೀನು, ಕುರ್ಚಿಯ ಮೇಲೆ ಕೂತು. ಒಲ್ಲೆ ಎಂದರೂ ಸರಿ. ಈ ಸಲ ನಾನು ಓದಿ ಹೇಳುವುದಿಲ್ಲ, ನೀನು ಹೇಳಿದ್ದನ್ನು ಕೇಳುತ್ತೇನೆ. ಅವ್ವ ಬಟ್ಟೆ ಒಣಹಾಕುವ ನಿನ್ನ ನೀರಿನ ಅಳತೆಕೋಲನ್ನು ಮಾತ್ರ ಇಳಿಸಿಡಲು ಹೇಳು.

ಎಲ್ಲರಿಗೂ ಒಳ್ಳೆಯದಾಗಲಿ. ಅವ್ವನ ಮೊಣಕಾಲು ನೋವು ಇಳಿಯಲಿ, ಕೆಂಚೇಶನಿಗೆ ಬುದ್ಧಿ ಬರಲಿ. ನನಗೆ ನಿನ್ನ ಆಶೀರ್ವಾದವಿರಲಿ.

ನಿನ್ನ ಮಗಳು
ಸಂಘಮಿತ್ರಾ

ಮರೆತಿಲ್ಲ, ಈಗ ಬರೆಯುತ್ತೇನೆ. ಹೊರಟ ದಿನ ನೀನು ಮಂಡಿಯ ಯೂನಿಫಾರ್ಮಿನಲ್ಲೇ ಓಡಿಬಂದು ರೊಟ್ಟಿಗಂಟು ಕೊಟ್ಟೆ. "ಯಾರೇ ಅವ್ರು?" ಎಂದು ಮೇಘಶ್ರೀ ಕೇಳಿದಾಗ ನಾನು "ನಮ್ಮೂರೋರು" ಎಂದೆ. ನೀನು ಕೇಳಿಸಿಕೊಂಡೆ. ಕೇಳಿಸಿಕೊಂಡು ನಗುತ್ತಾ, "ಹೌದವ್ವ, ಇವರ ಮನೆ ಪಕ್ಕದಾಗೇ ಇರೋದು. ಇವರಪ್ಪ ಕೊಟ್ಟು ಕಳಿಸ್ಯಾನೆ" ಎಂದೆಯಲ್ಲ ಅಪ್ಪ. ಆ ರೊಟ್ಟಿಯ ಒಂದು ತುಂಡೂ ನನಗೆ ನುಂಗಲಾಗಲಿಲ್ಲ. ಇವತ್ತು ಕಾಲುವೆಯ ಬದಿಯಲ್ಲಿ ಮೇಘಶ್ರೀಗೆ ಅದನ್ನೂ ಹೇಳಿದೆ. ನಾಡಿದ್ದು ಬೆಳಿಗ್ಗೆ ಎಂಟಕ್ಕೆ ಬಸ್ಸು ಚನ್ನಗಿರಿಗೆ ಬರುತ್ತದೆ. ಅದೇ ಯೂನಿಫಾರ್ಮಿನಲ್ಲಿ ಬಾ. ಮೆಟ್ಟಿಲಿಳಿಯುವ ಮೊದಲೇ ಕಿಟಕಿಯಿಂದ "ಅಪ್ಪಾ" ಎಂದು ಕೂಗುತ್ತೇನೆ. ಪಕ್ಕದ ಮನೆಯವನ ಹಾಗೆ ನಿಲ್ಲಬೇಡ, ಓಗೊಡು.