ದೊಡ್ಡಮ್ಮ ಇಲ್ಲದ ಕೌಂಟರು

ಸೆಪ್ಟೆಂಬರ್ ೪, ಬುಧವಾರ
ಮತ್ತೆ ಪ್ರೊಜೆಕ್ಟರ್ ಕೈಕೊಟ್ಟಿತು. ಕಮ್ಮಿ ಫೀಸಿನ ಎಂಬಿಎ ಕಾಲೇಜು. ಪ್ರೊಜೆಕ್ಟರ್ ಕೆಟ್ಟರೆ ಬೋರ್ಡೇ ಗತಿ. ಮೇಷ್ಟ್ರು ಚಾಕ್‌ಪೀಸ್ ಹಿಡಿದೇ ಗುಡುಗಿದರು: "ನಿಜವಾದ ಒಂದು ಅಂಗಡಿ ಹಿಡೀರಿ. ಏನು ಬದಲಾಯಿಸ್ಬೇಕು, ಹೇಳಿ. ಮೆತ್ತಗೆ ಬರೆದವರಿಗೆ ಮಾರ್ಕ್ಸ್ ಇಲ್ಲ."
ದೊಡ್ಡಪ್ಪನ ಡ್ರೈಕ್ಲೀನಿಂಗ್ ಅಂಗಡಿ ಇದೆಯಲ್ಲ ಎಂದೆ. ನನ್ನ ಟೀಮಿನ 'ಟೈ' — ಕ್ಯಾಂಟೀನಿಗೂ ಟೈ ಕಟ್ಟಿಕೊಂಡೇ ಬರುತ್ತಾನೆ — ಕುಣಿದಾಡಿದ. ಹುಡುಕುವ ಕೆಲಸ ತಪ್ಪಿತು.

ಸೆಪ್ಟೆಂಬರ್ ೧೨
ಅಂಗಡಿಗೆ ಹೋಗಿ ಬಂದೆವು. ದೊಡ್ಡಪ್ಪ ಒಳಗೆ ಇಸ್ತ್ರಿ, ದೊಡ್ಡಮ್ಮ ಕೌಂಟರಿನಲ್ಲಿ. ಗಿರಾಕಿಯ ಹಲ್ಲುನೋವಿನಿಂದ ಹಿಡಿದು ಮಗಳ ಪರೀಕ್ಷೆಯವರೆಗೆ ಎಲ್ಲ ವಿಚಾರಿಸಿಯೇ ರಸೀದಿ ಹರಿಯುವುದು. ಒಬ್ಬ ಗಿರಾಕಿಯ ಕೋಟು ತಿರುಗಿಸಿ ನೋಡಿ, "ಈ ಗುಂಡಿ ಹೊಲಿದಿದ್ದು ನೀವೇ ತಾನೆ? ಹೆಂಡ್ತಿ ಊರಲ್ಲಿಲ್ವಾ?" ಆತ ನಕ್ಕು ನಕ್ಕು ಸುಸ್ತಾದ.
ಟೈ ಫೋನಿನಲ್ಲಿ ಒಬ್ಬೊಬ್ಬ ಗಿರಾಕಿಗೆ ಹಿಡಿಯುವ ಟೈಮ್ ನೋಡುತ್ತಿದ್ದ. "ಸಿಕ್ಬಿಡ್ತು ಕಣೇ ನಮ್ಮ ಪ್ರಾಬ್ಲಮ್!"

ಸೆಪ್ಟೆಂಬರ್ ೨೦
ಬರೆದಾಯಿತು. 'ಕೌಂಟರ್ ಸಿಬ್ಬಂದಿಯ ಅನಗತ್ಯ ಸಂಭಾಷಣೆ. ಸಿಬ್ಬಂದಿ ಬದಲಾಯಿಸಿ, ಟೋಕನ್ ಯಂತ್ರ ಇಡಿ.' ಈ ಸಾಲು ಟೈ ಬರೆದದ್ದಲ್ಲ, ನಾನು. ದೊಡ್ಡಮ್ಮ ಎಂದು ಬರೆಯಲು ಕೈ ಬರಲಿಲ್ಲ. ಸಿಬ್ಬಂದಿ ಎಂದರೆ ಸರಾಗವಾಗಿ ಬಂತು.
ಅರ್ಧ ಗಿರಾಕಿಗಳು ಬರುವುದೇ ಅವಳ ಮಾತಿಗೆ. ಗೊತ್ತು. ಸೇರಿಸಿದರೆ ರಿಪೋರ್ಟು ಮೆತ್ತಗಾಗುತ್ತಿತ್ತು.

ಸೆಪ್ಟೆಂಬರ್ ೨೭
ಎ ಪ್ಲಸ್! ಆ ಗುಂಡಿಯ ಮಾತನ್ನು ದೊಡ್ಡಮ್ಮನ ಧಾಟಿಯಲ್ಲೇ ಆಡಿ ತೋರಿಸಿದೆ. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಸಂಜೆ ರಿಪೋರ್ಟನ್ನು ದೊಡ್ಡಪ್ಪನಿಗೂ ಕಳಿಸಿದೆ. ಎ ಪ್ಲಸ್ ನೋಡಿ ಖುಷಿಪಡಲಿ ಅಂತ. ಒಳಗೆಲ್ಲ ಓದುತ್ತಾರೆಯೇ...

ಅಕ್ಟೋಬರ್ ೬
ದೊಡ್ಡಪ್ಪನ ಫೋನು. ಎತ್ತಲಿಲ್ಲ. ಪರೀಕ್ಷೆ ಹತ್ತಿರ.

ಅಕ್ಟೋಬರ್ ೨೧
ಪರೀಕ್ಷೆ ಮುಗಿಸಿ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಯಾರೋ ಹೊಸಬಳು. ಬಾಗಿಲಲ್ಲಿ ಟೋಕನ್ ಯಂತ್ರ. "ನೋಡಮ್ಮಾ, ನೀನು ಹೇಳ್ದಂಗೇ ಮಾಡಿದೀವಿ!" ಎಂದರು ದೊಡ್ಡಪ್ಪ.
ಅಲ್ಲಿಂದ ಅವರ ಮನೆಗೆ. ದೊಡ್ಡಮ್ಮ ಪಾತ್ರೆ ತೊಳೆಯುತ್ತಿದ್ದಳು. "ನನ್ನ ಬಾಯಿ ಸ್ವಲ್ಪ ಜಾಸ್ತೀನೇ ಬಿಡು," ಎಂದಳು, ತಿರುಗದೆ. ಪರೀಕ್ಷೆ ಹೇಗಾಯಿತೆಂದು ಕೇಳಿದಳು. ಅಷ್ಟೇ ಕೇಳಿದಳು. ಮುಂಚೆಯಾಗಿದ್ದರೆ ಪಕ್ಕದಲ್ಲಿ ಯಾರು ಕೂತಿದ್ದರು, ಮೇಷ್ಟ್ರು ನಿದ್ದೆ ಹೊಡೆದರಾ, ಒಂದನ್ನೂ ಬಿಡುತ್ತಿರಲಿಲ್ಲ.
ಉಂಡ ಮನೆಗೆ ಎರಡು ಬಗೆದೆ. ನನ್ನ ಮೇಲೇ ಅಸಹ್ಯವಾಗುತ್ತಿದೆ.

ಅಕ್ಟೋಬರ್ ೨೩, ಸಂಜೆ
ದೊಡ್ಡಪ್ಪನಿಗೆ ಹೇಳಿಬಿಟ್ಟೆ. ಮಾರ್ಕ್ಸಿಗೆ ಬರೆದದ್ದು, ನಿಜ ಅಲ್ಲ, ದೊಡ್ಡಮ್ಮನನ್ನು ಕರೆಸಿ. ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಕೇಳಿಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.
"ನಾನು ಮೊದ್ಲು ಬೇಡ ಅಂದೆ ಕಣಮ್ಮ. ನಿನ್ನನ್ನೇ ಕೇಳೋಣ ಅಂತ ಫೋನೂ ಮಾಡ್ದೆ. ನಿನ್ನ ದೊಡ್ಡಮ್ಮನೇ ಬಿಡ್ಲಿಲ್ಲ. ಓದಿದ ಮಗು, ನಮ್ಮ ಒಳ್ಳೇದಕ್ಕೇ ಬರೆದಿರುತ್ತೆ ಅಂತ ತಾನೇ ಎದ್ದು ಮನೆಗೆ ಹೋದ್ಲು."
ಇಸ್ತ್ರಿಪೆಟ್ಟಿಗೆ ಮತ್ತೆ ಕೈಗೆತ್ತಿಕೊಂಡರು. "ನಾನು ಕರೆದ್ರೆ ಬರಲ್ಲ. ನೀನೇ ಹೋಗಿ ಹೇಳು. ಪೂರ್ತಿ ಹೇಳು."
ಹೋದೆ. ದೊಡ್ಡಮ್ಮ ಬಾಗಿಲು ತೆಗೆದಳು. "ಬಾರೇ. ಏನಿದು, ಮುಖ ಇಷ್ಟು ಸಪ್ಪಗೆ? ಫೇಲಾದ್ಯಾ? ಆದ್ರೆ ಆಯ್ತು ಬಿಡು, ಒಳಗೆ ಬಾ."
"ದೊಡ್ಡಮ್ಮಾ, ಆ ರಿಪೋರ್ಟಲ್ಲಿ ನಾನು ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೆದೆ," ಎಂದೆ, ಹೊಸ್ತಿಲಲ್ಲೇ ನಿಂತು.