ಅಪ್ಪನ ಗಲಾಟೆ ಮಾಡದ ಬಾಡಿಗೆದಾರರು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ವಾಂತಿ ನಿಂತಿತೇ? ಬಸುರಿನಲ್ಲಿ ಕಾಣಿಸಿಕೊಂಡ ಸಕ್ಕರೆ ಹತೋಟಿಗೆ ಬಂತೇ? ಒಳಗಿರುವ ಮಹಾರಾಯ ಒದೆಯುತ್ತಿದ್ದಾನೆಯೇ?

ಅಪ್ಪ ಗುಂಡುಕಲ್ಲಿನಂತಿದ್ದಾರೆ! ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. ಅಪ್ಪನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆ ಎಂದು ರಿಪೋರ್ಟ್ ಬಂದಾಗ, ಸಕ್ಕರೆ ಕಾಯಿಲೆಯವರ ಕಿಡ್ನಿ ಕೆಡುತ್ತದೆ, ಹೋದ ಸಲದ ಮಾತ್ರೆಯನ್ನೇ ಶುರುಮಾಡಿಸು ಎಂದು ಗೋಳಾಡಿದೆಯಲ್ಲ? ಹೋದ ಸಲ ಅದನ್ನು ನುಂಗಿ ಭೇದಿ ಹತ್ತಿ, ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತದ್ದಕ್ಕಿಂತ ಪಾಯಿಖಾನೆಯಲ್ಲಿ ಕೂತದ್ದೇ ಹೆಚ್ಚು. ಗಿರಾಕಿಗಳು ಬಟ್ಟೆ ವಾಪಸ್ ಒಯ್ದರು. ಆದರೂ ನಾನು ಹೆದರಿ ಮಾತ್ರೆ ತಂದೆ. ಅಪ್ಪ ಹಲ್ಲು ಕಚ್ಚಿ ಕೂತರು. ಕೊನೆಗೆ ಜಗಳವಾಡುತ್ತಲೇ ಇಬ್ಬರೂ ಡಾಕ್ಟರಮ್ಮನ ಬಳಿ ಹೋದೆವು.

"ಉರಿ ಇದೆಯಾ? ಜ್ವರ? ಕಿಬ್ಬೊಟ್ಟೆ ನೋವು?" ಎಂದರು. ಅಪ್ಪ, "ಇವನ ಕಾಟ ಒಂದು ಬಿಟ್ರೆ ಏನೂ ಇಲ್ಲ" ಎಂದರು. "ಮತ್ತೆ ಯಾರಿಗೆ ಔಷಧಿ ಕೊಡ್ಲಿ, ಈ ರಿಪೋರ್ಟಿಗಾ?" ಎಂದು ಡಾಕ್ಟರಮ್ಮ ನಕ್ಕರು. ಸಕ್ಕರೆ ಇರುವವರಲ್ಲಿ ಬ್ಯಾಕ್ಟೀರಿಯಾ ಹೀಗೆ ಸದ್ದಿಲ್ಲದೆ ಇರುವುದು ಸಾಮಾನ್ಯವಂತೆ. ಮಾತ್ರೆ ಕೊಟ್ಟರೂ ಮತ್ತೆ ಬರುತ್ತವಂತೆ. ಮುಂದೆ ನಿಜವಾಗಿ ಬೇಕಾದಾಗ ಅದೇ ಮಾತ್ರೆ ಕೈಕೊಡಬಹುದಂತೆ. ಉರಿ, ಜ್ವರ ಬಂದರೆ ಮಾತ್ರ ತಡಮಾಡದೆ ಓಡಿ ಬರಬೇಕು. ದಾರಿಯುದ್ದಕ್ಕೂ ಅಪ್ಪ ಬೀಗಿದ್ದನ್ನು ನೀನು ನೋಡಬೇಕಿತ್ತು! "ಗಲಾಟೆ ಮಾಡದ ಬಾಡಿಗೆದಾರರು ಕಣೋ, ಇದ್ಕೊಳ್ಲಿ ಬಿಡು." ಶಾಲೆ ಬಿಟ್ಟ ನನಗೂ ಓದಿದ ನಿನಗೂ ಈ ಪರೀಕ್ಷೆಯಲ್ಲಿ ಸೊನ್ನೆಯೇ, ಅಕ್ಕಾ. ಮುಚ್ಚುಮರೆ ಏಕೆ?

ಪಾಪುವಿಗೆಂದು ಅಪ್ಪ ಹೊಲಿದ ಅಂಗಿಗಳನ್ನು ಇದರ ಜೊತೆ ಬಸ್ ಡ್ರೈವರ್ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಂದು ಅಂಗಿಯ ಒಂದು ತೋಳು ಇನ್ನೊಂದಕ್ಕಿಂತ ಉದ್ದ. ಅದೊಂದು ಮಾತ್ರ ನನ್ನ ಕೈಚಳಕ, ಬೈಯಬೇಡ. ಭಾವನಿಗೆ ನಮಸ್ಕಾರ ಹೇಳು. ಅಪ್ಪನ ಆಶೀರ್ವಾದ ಅಂಗಿಯ ಒಂದೊಂದು ಹೊಲಿಗೆಯಲ್ಲೂ ಇದೆ.

ನಿನ್ನ ತಮ್ಮ,
ಬುಗುರಿ

ಮರೆತೇಬಿಟ್ಟಿದ್ದೆ! ಮಾವ ಹಾರನ್ ಹೊಡೆಯುತ್ತಿದ್ದಾರೆ. ಡಾಕ್ಟರಮ್ಮನ ಮುಂದೆಯೂ ಅಪ್ಪ ಈ ಪುಟ್ಟ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದರು. ಅದನ್ನು ನೋಡಿ ಡಾಕ್ಟರಮ್ಮ, "ಯಾರಿಗೆ?" ಎಂದು ಕೇಳಿದರು. ನಿನ್ನ ವಿಷಯ ಹೇಳಿದ ಕೂಡಲೇ ಅವರ ನಗು ನಿಂತಿತು. ಅಪ್ಪನ ಲೆಕ್ಕ ಬಸುರಿಗೆ ನಡೆಯುವುದಿಲ್ಲವಂತೆ. ಉರಿ, ನೋವು ಇಲ್ಲದಿದ್ದರೂ ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಬ್ಯಾಕ್ಟೀರಿಯಾ ಇದ್ದರೆ ಔಷಧಿ ತೆಗೆದುಕೊಳ್ಳಲೇಬೇಕು, ಅದೂ ಅಲ್ಲಿನ ಡಾಕ್ಟರ್ ಕೊಟ್ಟದ್ದನ್ನೇ. ಬಿಟ್ಟರೆ ಕಿಡ್ನಿಗೆ ಏರಬಹುದು, ಪಾಪುವಿಗೂ ಕಷ್ಟ. ನಿನಗೆ ಆ ಪರೀಕ್ಷೆ ಆಗಿದೆಯೇ? ಆಗಿಲ್ಲದಿದ್ದರೆ ಅಂಗಿಗಳನ್ನು ಆಮೇಲೆ ನೋಡು, ಮೊದಲು ಚಪ್ಪಲಿ ಮೆಟ್ಟು.